ಆಟದ ರಾಕೆಟಿನ ಅಂದವೂ ಇಳಿತವೂ

ಹೆಣ್ಣು ಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ರಾಕೆಟಿನ ಪಾಠವೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ಹೆತ್ತವರೂ ಕೇಳಬಹುದು. ಉತ್ತರವು ಹತ್ತಿರದಲ್ಲಿಯೇ ಇರುತ್ತದೆ. ಭಾರತದ ಮೊದಲನೆಯ ಉಪಗ್ರಹವಾದ ಆರ್ಯಭಟವು 1975ರಲ್ಲಿ ಆಕಾಶಕ್ಕೇರಿದಾಗ ಅದರ ನಿರ್ಮಾಣಕ್ಕೆ ಮುಂದಾಳಾಗಿದ್ದ ಉಡುಪಿ ರಾಮಚಂದ್ರ ರಾಯರು 1932ರಲ್ಲಿ ಪಡುಬಿದ್ರಿಯ ಬಳಿಯ ಅದಮಾರಿನಲ್ಲಿ ಹುಟ್ಟಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಕಲಿತವರು. ಘಟ್ಟದ ಮೇಲಿನ ನಗರದಲ್ಲಿ ಹಾಳು ಬಾವಿಯೊಂದರಿಂದ 2018ರಲ್ಲಿ ಸಾವಿರಕ್ಕೆ ಮಿಕ್ಕಿ ಮೈಸೂರು ರಾಕೆಟುಗಳು ದೊರೆತವು. ಮಣಿಪಾಲದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು 'ಥ್ರಸ್ಟ್ ಎಂಐಟಿ' ಎಂಬ ತಂಡವನ್ನು ಕಟ್ಟಿ, ತಾವೇ ರಾಕೆಟುಗಳನ್ನು ನಿರ್ಮಿಸಿ ಅಮೇರಿಕದ ಸ್ಪರ್ಧೆಯ ವರೆಗೆ ಒಯ್ದಿದ್ದಾರೆ. ಆದಕಾರಣ ಈ ವಿಷಯವು ನಮ್ಮ ಸೀಮೆಗೆ ಪರಕೀಯವಾದದ್ದಲ್ಲ.

ಆದರೆ ನಾನು ಇಲ್ಲಿ ಹೇಳತಕ್ಕದ್ದು ದೊಡ್ಡ ರಾಕೆಟಿನ ಸಂಗತಿಯಲ್ಲ. ಪೆಟ್ಟಿಗೆಯಲ್ಲಿ ಬಿಡಿ ಭಾಗಗಳಾಗಿ ಬರುವ, ಮಕ್ಕಳು ಅಂಟಿಸಿ ಕೂಡಿಸುವ ಕಾಗದದ ರಾಕೆಟಿನ ಸಂಗತಿ. ಅಮೇರಿಕದ ನೆಬ್ರಾಸ್ಕ ಸೀಮೆಯಲ್ಲಿ ಪಾದರಕ್ಷೆಯ ಅಂಗಡಿಯನ್ನಿಟ್ಟಿದ್ದ ಆರ್ವಿಲ್ ಕಾರ್ಲೈಲ್ ಎಂಬವರು 1954ರಲ್ಲಿ ಇಂಥದೊಂದನ್ನು ಮೊದಲು ಮಾಡಿದರು. ಇದಕ್ಕೆ ಕಾಗದದ ಕೊಳವೆ, ಅದರ ಮೇಲೊಂದು ಮೂತಿ, ಬಾಲದಲ್ಲಿ ಬಾಲ್ಸಾ ಎಂಬ ಹಗುರವಾದ ಮರದ ರೆಕ್ಕೆಗಳು, ಹೊಟ್ಟೆಯೊಳಗೆ ಮಡಿಸಿಟ್ಟ ಪ್ಯಾರಾಚೂಟ್, ಮೂತಿಯನ್ನೂ ಕೊಳವೆಯನ್ನೂ ಕೂಡಿಸುವ ರಬ್ಬರಿನ ದಾರ, ಇಷ್ಟೇ ಅಂಗಗಳು. ಮೋಟಾರಿನಲ್ಲಿ ಕರಿ ಮದ್ದು ಇರುವದರಿಂದ ಅದನ್ನು ಮಕ್ಕಳ ಕೈಗೆ ಕೊಡಲಾಗದು. ಪರವಾನಗಿಯುಳ್ಳ ತಜ್ಞರೇ ಅದನ್ನು ಜೋಡಿಸಿ, ದೂರದಿಂದ ವಿದ್ಯುತ್ತಿನ ಮೂಲಕ ಹಾರಿಸತಕ್ಕದ್ದು. ಮದ್ದು ಉರಿದು ತೀರಿದ ಮೇಲೆ ರಾಕೆಟು ವೇಗದಿಂದಲೇ ಸ್ವಲ್ಪ ಹೊತ್ತು ಏರುವದು. ಆ ಮೇಲೆ ಮೋಟಾರಿನ ಸಣ್ಣ ಸಿಡಿತವು ಮೂತಿಯನ್ನು ತಳ್ಳಿ ಕೊಡೆಯನ್ನು ಬಿಚ್ಚುವದು.

ಒಂದು ವರುಷ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಕಾರ್ಕಳದ ಕಡೆಯಿಂದ ಬರುತ್ತಿದ್ದ ಒಂಭತ್ತನೆಯ ತರಗತಿಯ ಹುಡುಗಿಯೊಬ್ಬಳು ಇಂಥ ರಾಕೆಟನ್ನು ಸಿದ್ಧಪಡಿಸಿದಳು. ಪೆಟ್ಟಿಗೆಯಲ್ಲಿ ಬಂದ ಸಣ್ಣ ರೆಕ್ಕೆಗಳು ಅವಳಿಗೆ ಹಿಡಿಸಲಿಲ್ಲ. ಹಿಂದಕ್ಕೆ ಚಾಚಿ ಬಾಲದಿಂದ ಕೆಳಗೆ ಇಳಿಬಿದ್ದಿರುವ ದೊಡ್ಡ ರೆಕ್ಕೆಗಳನ್ನು ತಾನೇ ಕೊರೆದು, ಕೆಂಪು ಹಸುರು ಬಣ್ಣಗಳನ್ನು ನಾಲ್ಕು ಸಲ ಬಳಿದು, ಮೇಲೆ ಹೊಳಪಿನ ಕಾಗದವನ್ನೂ ಅಂಟಿಸಿದಳು. ಅದರಷ್ಟು ಚಂದದ್ದು ಆ ದಿನ ಮತ್ತೊಂದಿರಲಿಲ್ಲ. ಮೊದಲನೆಯ ಬಹುಮಾನವನ್ನು ಅದಕ್ಕೆ ಕೊಟ್ಟವಳು ನಾನೇ. ಅದನ್ನು ತೂಗಿ ನೋಡಬೇಕೆಂದು ನನಗೆ ತೋಚಲಿಲ್ಲ.

ಮುಂದಿನ ವಾರ ಮುರಕಲ್ಲಿನ ಮೈದಾನವೊಂದರಲ್ಲಿ ಅದನ್ನು ಹಾರಿಸಿದರು. ಅದು ತೂಗಾಡುತ್ತಾ ಏರಿ, ನಾವು ಎಣಿಸಿದಷ್ಟು ಎತ್ತರ ಹೋಗದೆ ಮಗುಚಿ, ಕೆಳಮುಖವಾಗಿ ಬೀಳುತ್ತಿರುವಾಗ ಕೊಡೆ ಬಿಚ್ಚಿತು. ಎತ್ತಿಕೊಂಡು ನೋಡಲಾಗಿ ಒಂದು ರೆಕ್ಕೆ ಬುಡದಲ್ಲಿ ಮುರಿದಿತ್ತು. ಕೊಳವೆಯ ಬಾಯಿ ದಾರದಿಂದ ಸೀಳಿತ್ತು. ಅದರ ಮೈಯಲ್ಲಿ ಮೂತಿ ಬಡಿದ ತಗ್ಗು ಇತ್ತು. ಹುಡುಗಿ ಅಳಲಿಲ್ಲ, ಮಾತಾಡಲೂ ಇಲ್ಲ. ಅವಳ ತಾಯಿ ನನ್ನ ಬಳಿಗೆ ಬಂದು, "ಟೀಚರ್, ಅಂಟು ಹಚ್ಚಿ ಕಪಾಟಿನಲ್ಲಿಡುವಾ. ಬಹುಮಾನ ಬಂದದ್ದಲ್ಲವೇ, ಇನ್ನು ಹಾರಿಸುವದು ಬೇಡ" ಎಂದರು. ಆಗ ಹುಡುಗಿ, "ಹಾರಲಿಕ್ಕೆ ಮಾಡಿದ್ದಲ್ಲವಾ ಅಮ್ಮ?" ಎಂದಷ್ಟೇ ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಬಹುಮಾನ ಕೊಟ್ಟ ನಾನೇ ಎಂದು ನನಗೆ ತಿಳಿಯಿತು.

ಮರುದಿನ ನಾವಿಬ್ಬರೂ ಪ್ರಯೋಗ ಶಾಲೆಯ ತಕ್ಕಡಿಯ ಮುಂದೆ ಕುಳಿತೆವು. ಕಿಟ್ಟಿನಲ್ಲಿದ್ದಂತೆಯೇ ಕೂಡಿಸಿದ ಮತ್ತೊಂದು ರಾಕೆಟು 60 ಗ್ರಾಮು ತೂಗಿತು. ಅವಳದು 80 ಗ್ರಾಮು. ಇಪ್ಪತ್ತು ಗ್ರಾಮು ಏನು ಮಹಾ ಎಂದು ತೋರಬಹುದು. ಆದರೆ ಒಂದೇ ಅಳತೆಯ ಕೊಡೆಯ ಕೆಳಗೆ ಇಳಿಯುವ ವಸ್ತುವಿನ ವೇಗವು ತೂಕದ ವರ್ಗಮೂಲದಂತೆ ಏರುವದು. ನೆಲಕ್ಕೆ ತಗಲುವ ಪೆಟ್ಟಿನ ಶಕ್ತಿಯಾದರೋ ತೂಕವನ್ನೂ ವೇಗದ ವರ್ಗವನ್ನೂ ಗುಣಿಸಿದಂತೆ ಬೆಳೆಯುವದು. ಅಂದರೆ ತೂಕವು ಮೂರರಲ್ಲೊಂದು ಪಾಲು ಹೆಚ್ಚಿದರೆ ಪೆಟ್ಟು ಸುಮಾರು ಒಂದು ಮುಕ್ಕಾಲು ಪಟ್ಟಾಗುವದು. ಬಣ್ಣದ ಬೆಲೆಯನ್ನು ರೆಕ್ಕೆಯ ಬುಡವು ತೆತ್ತಿತು.

ಇನ್ನೆರಡು ಗಾಯಗಳಿಗೂ ಭಾರವೇ ಮೂಲ. ಮೋಟಾರಿನ ಮೇಲೆ 'ಬಿ6-4' ಎಂದು ಬರೆದಿತ್ತು. ಇದರಲ್ಲಿ 'ಬಿ' ಎಂಬದು ಒಟ್ಟು ನೂಕುಬಲವು 2.5ರಿಂದ 5 ನ್ಯೂಟನ್ ಸೆಕೆಂಡುಗಳ ಒಳಗೆಂದೂ, 6 ಎಂಬದು ಸರಾಸರಿ ನೂಕು 6 ನ್ಯೂಟನ್ ಎಂದೂ, 4 ಎಂಬದು ಮದ್ದು ಉರಿದ ಮೇಲೆ ಕೊಡೆ ಬಿಚ್ಚುವ ತನಕ ಕಳೆಯುವ ಸೆಕೆಂಡುಗಳೆಂದೂ ತಿಳಿಸುತ್ತದೆ. ಭಾರವಾದ ರಾಕೆಟು ಬೇಗನೆ ತುದಿ ಮುಟ್ಟಿ ಬೀಳತೊಡಗುವದು. ಸಿಡಿತವು ಮಾತ್ರ ತನ್ನ ಹೊತ್ತಿಗೇ ಆಗುವದು. ಆದಕಾರಣ ಕೊಡೆಯು ವೇಗದ ಬೀಳಿನಲ್ಲಿ ಬಿಚ್ಚಿ, ದಾರವು ಫಕ್ಕನೆ ಬಿಗಿದು ಕೊಳವೆಯ ಬಾಯಿಯನ್ನು ಸೀಳಿತು. ದಾರವು ಗಿಡ್ಡವಾದ್ದರಿಂದ ಮೂತಿಯು ರಬ್ಬರಿನ ಸೆಳೆತಕ್ಕೆ ಹಿಂದಿರುಗಿ ಬಂದು ಮೈಗೆ ಬಡಿಯಿತು.

ತೂಗಾಟದ ಕಾರಣ ಬೇರೆ. ರಾಕೆಟಿನ ಗುರುತ್ವ ಕೇಂದ್ರವು ಗಾಳಿಯ ಒತ್ತಡ ಕೇಂದ್ರಕ್ಕಿಂತ ಮೂತಿಯ ಕಡೆಗೆ ಕೊಳವೆಯ ಒಂದು ಅಡ್ಡಳತೆಯಷ್ಟಾದರೂ ಮುಂದಿರಬೇಕು. ದೊಡ್ಡ ರೆಕ್ಕೆ ಒತ್ತಡ ಕೇಂದ್ರವನ್ನು ಹಿಂದಕ್ಕೆ ತಳ್ಳಿ ಸಹಾಯ ಮಾಡುವದು ನಿಜ. ಆದರೆ ಬಾಲದಲ್ಲಿ ಕೂಡಿದ ಬಣ್ಣದ ಭಾರವು ಗುರುತ್ವ ಕೇಂದ್ರವನ್ನೂ ಹಿಂದಕ್ಕೆ ಎಳೆದು ಆ ಲಾಭವನ್ನು ನುಂಗಿಬಿಡುವದು. ಪರೀಕ್ಷೆ ಸುಲಭ. ಮೋಟಾರನ್ನು ತಜ್ಞರಿಂದಲೇ ಇಡಿಸಿ, ರಾಕೆಟು ಸಮತೂಕವಾಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ, ತಲೆಯ ಸುತ್ತ ಬೀಸಬೇಕು. ಮೂತಿ ಮುಂದಾಗಿ ಸುತ್ತಿದರೆ ಒಳ್ಳೇದು. ಅಡ್ಡಾದಿಡ್ಡಿಯಾದರೆ ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ಸೇರಿಸತಕ್ಕದ್ದು.

ಕಾರಣಗಳು ತಿಳಿದ ಮೇಲೆ ಅವಳು ಪುನಃ ಕಟ್ಟಲಾರಂಭಿಸಿದಳು. ಮೊದಲಾಗಿ ರೆಕ್ಕೆಯ ಆಕಾರವನ್ನು ಬದಲಿಸಿದಳು. ಕೆಳಗೆ ಇಳಿಬಿದ್ದ ರೆಕ್ಕೆಯ ತುದಿಯೇ ಮೊದಲು ನೆಲಕ್ಕೆ ತಾಗುವದು. ಆದ್ದರಿಂದ ರೆಕ್ಕೆಗಳು ಬಾಲದ ಅಂಚಿಗಿಂತ ಮೇಲೆಯೇ ಮುಗಿಯುವಂತೆ ಕೊರೆದಳು. ಎರಡನೆಯದಾಗಿ ಮರದ ನಾರನ್ನು ಗಮನಿಸಿದಳು. ನಾರು ಕೊಳವೆಗೆ ಸಮಾನಾಂತರವಾಗಿದ್ದರೆ ರೆಕ್ಕೆಯು ಬುಡದಲ್ಲಿ ಬಿಸ್ಕತ್ತಿನಂತೆ ಮುರಿಯುವದು. ಬುಡದಿಂದ ಹೊರಕ್ಕೆ, ಮುಂದಿನ ಅಂಚಿನ ಉದ್ದಕ್ಕೆ ಹೋದರೆ ಬಲವಾಗಿ ನಿಲ್ಲುವದು. ಮೂರನೆಯದಾಗಿ ರೆಕ್ಕೆಯ ಎರಡೂ ಬದಿಗೆ ಬರೆಯುವ ತೆಳು ಕಾಗದವನ್ನು ಬಿಳಿ ಅಂಟಿನಿಂದ ಅಂಟಿಸಿ, ದಪ್ಪ ಪುಸ್ತಕಗಳ ಅಡಿಯಲ್ಲಿ ಒಂದು ರಾತ್ರಿ ಒತ್ತಿಟ್ಟಳು. ಈ ಕಾಗದದಿಂದ ರೆಕ್ಕೆ ಗಟ್ಟಿಯಾಯಿತು. ಮರದ ರಂಧ್ರಗಳೂ ಮುಚ್ಚಿ ಬಣ್ಣವು ಒಂದೇ ಸಲಕ್ಕೆ ನಯವಾಗಿ ಕೂತಿತು. ಬುಡದ ಇಕ್ಕೆಲಗಳಲ್ಲಿ ಅಂಟನ್ನು ಬೆರಳಿನಿಂದ ಸವರಿ, ಒಣಗಿದ ಮೇಲೆ ಮತ್ತೊಮ್ಮೆ ಸವರಿದಳು. ದಾರವನ್ನು ರಾಕೆಟಿನ ಮೂರರಷ್ಟು ಉದ್ದ ಮಾಡಿದಳು. ಕೊಳವೆಯ ಬಾಯಿಯೊಳಗೆ ತೆಳುವಾದ ಅಂಟನ್ನು ಹೀರಿಸಿ ಗಟ್ಟಿ ಮಾಡಿದಳು.

ಅಂದದ ಗತಿಯೇನು? ಅದನ್ನು ಅವಳು ಯಕ್ಷಗಾನ ವೇಷದಿಂದ ಕಲಿತಳು. ಅವಳ ಸೋದರಮಾವನು ವೇಷಧಾರಿ. ಆತನ ಕಿರೀಟವು ದೂರದಿಂದ ಬಂಗಾರದ ಬೆಟ್ಟದಂತೆ ಕಾಣುವದು. ಕೈಗೆತ್ತಿದರೆ ಹಗುರವಾದ ಮರವೂ ಬೇಗಡೆಯೂ ಮಾತ್ರ. ರಾತ್ರಿಯೆಲ್ಲಾ ಕುಣಿಯುವವನ ತಲೆಯ ಮೇಲೆ ನಿಲ್ಲತಕ್ಕ ಅಂದವು ಹಗುರವಾಗಿಯೇ ಇರಬೇಕಷ್ಟೆ. ಅವಳು ನಾಲ್ಕು ಬಳಿತಗಳ ಬದಲಾಗಿ ಬಿಳಿಯ ಒಂದು ತೆಳುವಾದ ಬಳಿತ, ಅದರ ಮೇಲೆ ಮೂತಿಗೆ ಮಾತ್ರ ಕೆಂಪು, ಒಂದು ರೆಕ್ಕೆಗೆ ಕಪ್ಪು, ಇಷ್ಟರಲ್ಲಿಯೇ ನಿಲ್ಲಿಸಿದಳು. ಪ್ರತಿ ಬಳಿತದ ಮುಂಚೆ ಮರಳುಕಾಗದದಿಂದ ಉಜ್ಜಿದಳು. ಕೆಂಪು ಮೂತಿಯಿಂದ ಹುಲ್ಲಿನಲ್ಲಿ ಬಿದ್ದ ರಾಕೆಟನ್ನು ಹುಡುಕುವದೂ ಸುಲಭವಾಯಿತು. ತೂಗಿದಾಗ 66 ಗ್ರಾಮು ಬಂತು. ಅದಕ್ಕೆ ತಕ್ಕಂತೆ 30 ಸೆಂಟಿಮೀಟರಿನ ಕೊಡೆಯನ್ನು ಬಿಟ್ಟು 32ರದನ್ನು ಕತ್ತರಿಸಿದಳು.

ಹಾರಿಸುವ ಮೊದಲು ಮತ್ತೊಂದು ಪರೀಕ್ಷೆ. ಇಷ್ಟು ತೂಕದ ರಾಕೆಟು ಇಂಥ ಕೊಡೆಯಿಂದ ಸೆಕೆಂಡಿಗೆ ಸುಮಾರು 4 ಮೀಟರು ವೇಗದಲ್ಲಿ ಇಳಿಯುವದು. ಕೊಡೆಯಿಲ್ಲದೆ ಸುಮಾರು 90 ಸೆಂಟಿಮೀಟರು ಎತ್ತರದಿಂದ ಬಿದ್ದರೂ ಅದೇ ವೇಗ. ಆದದರಿಂದ ಮೋಟಾರಿಲ್ಲದೆ, ಮೇಜಿಗಿಂತ ಒಂದು ಗೇಣು ಎತ್ತರದಿಂದ ನೆಲಕ್ಕೆ ಬಿಟ್ಟು ನೋಡಿದರೆ ಇಳಿತದ ಪೆಟ್ಟನ್ನು ಮನೆಯಲ್ಲಿಯೇ ತಿಳಿಯಬಹುದು. ಅವಳು ಹತ್ತು ಸಲ ಬಿಟ್ಟಳು. ತಾಯಿಯೂ ನೋಡುತ್ತಾ ನಿಂತಿದ್ದರು. ರೆಕ್ಕೆ ಕದಲಲಿಲ್ಲ.

ನೆಲದ ಆಯ್ಕೆಯೂ ಪಾಠದ ಒಂದು ಭಾಗವೇ. ಮಣಿಪಾಲದ ಗುಡ್ಡದ ಮುರಕಲ್ಲೂ ಕಾರ್ಕಳದ ಕರಿಬಂಡೆಯೂ ಕಾಗದದ ರಾಕೆಟಿಗೆ ಕರುಣೆ ತೋರಿಸವು. ಕಾಪುವಿನ ಮರಳು ಮೆತ್ತಗಿದ್ದರೂ ಅಲ್ಲಿ ನೀರೂ ಗಾಳಿಯೂ ಇವೆ. 100 ಮೀಟರು ಎತ್ತರದಿಂದ 25 ಸೆಕೆಂಡು ಇಳಿಯುವ ರಾಕೆಟನ್ನು ಸೆಕೆಂಡಿಗೆ 4 ಮೀಟರಿನ ಗಾಳಿಯು 100 ಮೀಟರು ದೂರ ಒಯ್ಯುವದು. ಕೊಯ್ಲು ಮುಗಿದ ವಿಶಾಲವಾದ ಗದ್ದೆ, ಬೆಳಗಿನ ಗಾಳಿಯಿಲ್ಲದ ಹೊತ್ತು, ಇವೇ ನಮ್ಮೂರಿಗೆ ತಕ್ಕವು. ಅಂಥ ಒಂದು ಗದ್ದೆಯಲ್ಲಿ ಅವಳ ರಾಕೆಟು ಆ ಬೆಳಿಗ್ಗೆ ಮೂರು ಸಲ ಏರಿ ಮೂರು ಸಲವೂ ಇಡಿಯಾಗಿ ಇಳಿಯಿತು. ಕೆಂಪು ಮೂತಿಗೆ ಕೆಸರು ಹತ್ತಿತ್ತು. ತಾಯಿ ಅದನ್ನು ಸೆರಗಿನಿಂದ ಒರಸಿದರು.

ದೊಡ್ಡವರ ಕೆಲಸದಲ್ಲಿಯೂ ಇದೇ ನಿಯಮ. ಇಸ್ರೋ ಸಂಸ್ಥೆಯು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿಯೇ ಇಳಿಯುವಂತೆ 2023ರಲ್ಲಿ ಒಂದು ಸಲ, 2024ರಲ್ಲಿ ಎರಡು ಸಲ ಪರೀಕ್ಷಿಸಿತು. ಅದು ಗಂಟೆಗೆ 320 ಕಿಲೋಮೀಟರಿಗೆ ಮಿಕ್ಕಿದ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟಿನಿಂದ ವೇಗ ತಗ್ಗಿಸಿಕೊಂಡು ನಿಂತಿತು. 2024ರ ಮಾರ್ಚಿನಲ್ಲಿ ಇಳಿದ ಅದೇ ಶರೀರವನ್ನು ಜೂನಿನಲ್ಲಿ ಪುನಃ ಇಳಿಸಿದರು. ಏರಿದ್ದು ಇಡಿಯಾಗಿ ಇಳಿದರೆ ಮಾತ್ರ ಮತ್ತೊಮ್ಮೆ ಏರಲಿಕ್ಕಾಗುವದು.

ಹೆತ್ತವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮಗಳು ಮಾಡಿದ ವಸ್ತುವು ಮುರಿದಾಗ ಅದನ್ನು ಕಪಾಟಿನಲ್ಲಿಡುವ ಮೊದಲು ಒಂದು ತಕ್ಕಡಿಯನ್ನೂ ಸ್ವಲ್ಪ ಅಂಟನ್ನೂ ಅವಳ ಕೈಗೆ ಕೊಡಿರಿ. ನಾನೂ ಆ ವರುಷದಿಂದ, ಹಾರಿ ಇಳಿದು ಬಂದ ಮೇಲೆಯೇ ರಾಕೆಟಿನ ಅಂದಕ್ಕೆ ಬಹುಮಾನ ಕೊಡುತ್ತೇನೆ.