ಉಂಗುರದೊಳಗೆ ನುಸುಳುವ ಶಾಲು



ಮಗುವಿನ ದೀಕ್ಷಾಸ್ನಾನಕ್ಕೆ ಬಿಳಿ ಉಡುಪು ಸಿದ್ಧಪಡಿಸುವ ಸಂಭ್ರಮ ನಿಮಗೆಲ್ಲ ಪರಿಚಿತ. ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳಲ್ಲಿ ಇದೇ ಸಂದರ್ಭಕ್ಕಾಗಿ ಉಣ್ಣೆಯ ಶಾಲು ಹೆಣೆಯುವ ರೂಢಿಯಿದೆ. ಅದು ಜೇಡರ ಬಲೆಯಷ್ಟು ತೆಳು. ದೊಡ್ಡ ಶಾಲನ್ನು ಮದುವೆಯ ಉಂಗುರದೊಳಗಿಂದ ಎಳೆದು ತೆಗೆಯಬಹುದು. ಆದ್ದರಿಂದಲೇ ಅದಕ್ಕೆ 'ಉಂಗುರದ ಶಾಲು' ಎಂಬ ಹೆಸರು.

ನೂಲು

ಈ ಕಸುಬಿಗೆ ಉನ್ಸ್ಟ್ ಎಂಬ ದ್ವೀಪ ಹೆಸರುವಾಸಿ. ಅಲ್ಲಿನ ಕುರಿಗಳು ಚಿಕ್ಕವು. ಅವುಗಳ ಕುತ್ತಿಗೆಯ ಉಣ್ಣೆ ಎಲ್ಲಕ್ಕಿಂತ ಮೃದು. ಬೇಸಿಗೆಯಲ್ಲಿ ಹಳೆಯ ಉಣ್ಣೆ ತಾನಾಗಿ ಸಡಿಲವಾದಾಗ ಕತ್ತರಿ ಹಾಕದೆ ಕೈಯಿಂದಲೇ ಬಿಡಿಸುತ್ತಿದ್ದರು. ಅದನ್ನು ರಾಟೆಯಲ್ಲಿ ಕೂದಲಿನಷ್ಟು ಸಣ್ಣಗೆ ನೂತು, ಎರಡು ಎಳೆಗಳನ್ನು ಸೇರಿಸಿ ಹುರಿ ಮಾಡುತ್ತಿದ್ದರು.

ಹೆಣಿಗೆ

ಹಳೆಯ ಪದ್ಧತಿಯಲ್ಲಿ ಶಾಲು ನಡುವಿನಿಂದಲ್ಲ, ಅಂಚಿನಿಂದ ಆರಂಭವಾಗುತ್ತದೆ. ಹಲ್ಲುಹಲ್ಲಾದ ಲೇಸಿನ ಅಂಚನ್ನು ಮೊದಲು ಉದ್ದನೆಯ ಪಟ್ಟಿಯಾಗಿ ಹೆಣೆಯಬೇಕು. ಅದರ ನೇರ ಬದಿಯಿಂದ ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು ಒಳಗಿನ ಚಿತ್ತಾರದ ಭಾಗವನ್ನೂ ಕೊನೆಗೆ ನಡುವಿನ ಚೌಕವನ್ನೂ ಹೆಣೆಯಬೇಕು.

ಲೇಸಿನ ಗುಟ್ಟು ಸರಳ. ನೂಲನ್ನು ಕಡ್ಡಿಯ ಮೇಲೆ ಒಮ್ಮೆ ಸುತ್ತಿದರೆ ಒಂದು ತೂತು ಮೂಡುತ್ತದೆ, ಒಂದು ಕುಣಿಕೆ ಹೆಚ್ಚುತ್ತದೆ. ಆ ಹೆಚ್ಚಳವನ್ನು ಸರಿದೂಗಿಸಲು ಎರಡು ಕುಣಿಕೆಗಳನ್ನು ಸೇರಿಸಿ ಒಂದಾಗಿ ಹೆಣೆಯಬೇಕು. ಇದನ್ನು ಮರೆತರೆ ಚಿತ್ತಾರ ಓರೆಯಾಗುತ್ತದೆ. ಹೊಸಬರು ಹತ್ತು ಸಾಲಿಗೊಮ್ಮೆ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಮೂಲಕ ಬೇರೆ ಬಣ್ಣದ ನೂಲೊಂದನ್ನು ಸೂಜಿಯಿಂದ ಹಾಯಿಸಿಡುವುದು ಒಳ್ಳೆಯದು. ಮುಂದೆ ತಪ್ಪಿದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು.

ಕಡ್ಡಿಯಿಂದ ಇಳಿದ ಶಾಲು ಮುದುಡಿದ ಬಟ್ಟೆಯಂತೆ ಕಾಣುತ್ತದೆ. ನಿರಾಶರಾಗಬೇಡಿ. ಅದನ್ನು ಮೆಲ್ಲನೆ ತೊಳೆದು, ಒದ್ದೆಯಿರುವಾಗಲೇ ಅಂಚಿನ ಪ್ರತಿಯೊಂದು ಹಲ್ಲನ್ನೂ ಮರದ ಚೌಕಟ್ಟಿಗೆ ಎಳೆದು ಕಟ್ಟುತ್ತಾರೆ. ಒಣಗಿದಾಗ ಚಿತ್ತಾರ ಅರಳುತ್ತದೆ. ಚೌಕಟ್ಟಿಲ್ಲದವರು ಹಾಸಿಗೆಯ ಮೇಲೆ ಶುಭ್ರವಾದ ಬಟ್ಟೆ ಹರಡಿ, ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ಇದೇ ಕೆಲಸ ಮಾಡಬಹುದು.

ಕೂಲಿ

ಇಷ್ಟು ಶ್ರಮಕ್ಕೆ ಆ ಹೆಂಗಸರಿಗೆ ದೊರೆತದ್ದೇನು? ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ವರ್ತಕರು ಶಾಲಿಗೆ ಹಣ ಕೊಡದೆ ತಮ್ಮ ಅಂಗಡಿಯ ಚಹಾ, ಬಟ್ಟೆಗಳನ್ನೇ ಕೊಡುತ್ತಿದ್ದರು. ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಕೈಗೆ ಬರುತ್ತಿದ್ದುದು ಚಹಾ. ಅದನ್ನು ಬೇರೆಯವರಿಗೆ ಕೊಟ್ಟು ಹಿಟ್ಟು ಪಡೆಯಬೇಕಾಗಿತ್ತು. 1872ರಲ್ಲಿ ಸರ್ಕಾರಿ ವಿಚಾರಣೆ ನಡೆದಾಗ ಹೆಣೆಯುವ ಹೆಂಗಸರು ತಾವೇ ಮುಂದೆ ಬಂದು ಸಾಕ್ಷಿ ನುಡಿದರು. 1887ರ ಕಾನೂನು ಇಂಥ ಮನೆಗೆಲಸದ ಹೆಣಿಗೆಗೂ ಹಣವನ್ನೇ ಕೊಡಬೇಕೆಂದು ವಿಧಿಸಿತು. ಆದರೂ ಹಳೆಯ ಪದ್ಧತಿ ಕೂಡಲೇ ನಿಲ್ಲಲಿಲ್ಲ.

ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯ ಎಚ್ಚರಿಸುತ್ತದೆ. ನಮ್ಮ ಮನೆಗಳಿಗೂ ಕೈಹೆಣಿಗೆಯ ಸ್ವೆಟರು, ಕ್ರೋಶೆಯ ಮೇಜುಬಟ್ಟೆ, ಪೀಠದ ಲೇಸು ಬರುತ್ತವೆ. "ಬಿಡುವಿನಲ್ಲಿ ಮಾಡಿದ್ದು ತಾನೆ?" ಎಂದು ಚೌಕಾಶಿ ಮಾಡುವ ಮುನ್ನ ಎಷ್ಟು ಸಂಜೆಗಳು ಅದರಲ್ಲಿ ಸೇರಿವೆಯೆಂದು ಕೇಳಿ ತಿಳಿಯೋಣ. ಬೆಲೆಯನ್ನು ಹಣವಾಗಿ, ಹೇಳಿದ ದಿನವೇ ಕೊಡೋಣ.

ಮನೆಯಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ ಕೈಕೆಲಸ ಬಲ್ಲವರು ಯಾರು? ಅದನ್ನು ಮಕ್ಕಳಿಗೆ, ಹುಡುಗರಿಗೂ ಸಹ, ಕಲಿಸಿದ್ದೇವೆಯೇ?

2. ನಾವು ಯಾರಿಗಾದರೂ ಕೊಡಬೇಕಾದ ಹೊಲಿಗೆಯ, ಹೆಣಿಗೆಯ ಹಣ ಬಾಕಿ ಉಳಿದಿದೆಯೇ?