ಬೀಡಿನ ಕಾವಲಿ ಮತ್ತು ರಕ್ತಹೀನತೆ

ಮೆಟ್ಟಿಲು ಹತ್ತಿದರೆ ಏದುಸಿರು, ತಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ, ದಿನವಿಡೀ ಸುಸ್ತು. ಇದನ್ನು ಮನೆಗೆಲಸದ ಆಯಾಸವೆಂದು ಸುಮ್ಮನಿರಬೇಡಿ, ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ಈ ತೊಂದರೆಯಿದೆ. ಇದರ ಮುಖ್ಯ ಕಾರಣಗಳಲ್ಲೊಂದು ಕಬ್ಬಿಣಾಂಶದ ಕೊರತೆ. ಯುನಾನಿಯಲ್ಲಿ ಇದಕ್ಕೆ ಕೊಡುವ ಶರ್ಬತ್ ಫೌಲಾದ್‌ನ ಹೆಸರಿನಲ್ಲೇ ಕಬ್ಬಿಣವಿದೆ. ಫೌಲಾದ್ ಎಂದರೆ ಉಕ್ಕು.

ನಾನ್‌ಸ್ಟಿಕ್ ಬಂದ ಮೇಲೆ ಹಲವು ಮನೆಗಳಲ್ಲಿ ಬೀಡಿನ ಕಾವಲಿ, ಬಾಣಲೆಗಳು ಅಟ್ಟ ಸೇರಿವೆ. ಅವನ್ನು ಕೆಳಗಿಳಿಸಿ. ಕಬ್ಬಿಣದ ಪಾತ್ರೆಯಲ್ಲಿ ಬೇಯುವ ಆಹಾರಕ್ಕೆ ಸ್ವಲ್ಪ ಕಬ್ಬಿಣ ಸೇರುತ್ತದೆ. ಆಹಾರದಲ್ಲಿ ಹುಳಿ ಮತ್ತು ನೀರಿನಂಶ ಇದ್ದಷ್ಟೂ, ಬೇಯುವ ಹೊತ್ತು ಹೆಚ್ಚಿದಷ್ಟೂ ಅದು ಹೆಚ್ಚು. ಟೊಮೆಟೊ ಹಾಕಿದ ಮಸಾಲೆ, ಹುಳಿ ಹಾಕಿದ ಸೊಪ್ಪಿನ ಪಲ್ಯಕ್ಕೆ ಚೆನ್ನಾಗಿ ಸೇರುತ್ತದೆ. ಕ್ಷಣದಲ್ಲಿ ಬೇಯುವ ದೋಸೆ, ರೊಟ್ಟಿಗೆ ಕಡಿಮೆ. ಎನಾಮಲ್ ಲೇಪಿಸಿದ ಪಾತ್ರೆಯಿಂದ ಈ ಲಾಭವಿಲ್ಲ.

ಹೀಗೆ ಸೇರಿದ ಕಬ್ಬಿಣವೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ ಅಥವಾ ಪೇರಳೆ ಇದ್ದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದರ ಒಗರು ಕಬ್ಬಿಣವನ್ನು ತಡೆಯುತ್ತದೆ. ಬಿರಿಯಾನಿಯ ಬೆನ್ನಿಗೇ ಸುಲೈಮಾನಿ ಬೇಕೆನ್ನುವವರು ಒಂದು ಗಂಟೆ ತಡೆಯಿರಿ.

ಪಾತ್ರೆ ಪಳಗಿಸುವುದು ಹೇಗೆ?

ಹೊಸ ಕಾವಲಿಯನ್ನು ಸೋಪು ಹಾಕಿ ಉಜ್ಜಿ ತೊಳೆಯಿರಿ. ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಿ. ಅಡುಗೆ ಎಣ್ಣೆಯನ್ನು ಬಟ್ಟೆಯಿಂದ ಬಹಳ ತೆಳುವಾಗಿ ಸವರಿ, ಹೊಗೆಯಾಡುವವರೆಗೆ ಕಾಯಿಸಿ, ಆರಲು ಬಿಡಿ. ಹೀಗೆ ನಾಲ್ಕೈದು ಸಲ ಮಾಡಿದರೆ ಕಪ್ಪು ಹೊಳಪು ಬಂದು ಹಿಟ್ಟು ಅಂಟುವುದು ಕಡಿಮೆಯಾಗುತ್ತದೆ. ಎಣ್ಣೆ ದಪ್ಪವಾದರೆ ಮೇಲ್ಮೈ ಜಿಗುಟಾಗುತ್ತದೆ. ಮೊದಲ ಕೆಲವು ವಾರ ಹುಳಿ ಅಡುಗೆ ಬೇಡ, ಆ ಹೊಳಪು ಕಿತ್ತುಹೋಗುತ್ತದೆ.

ದಿನನಿತ್ಯದ ಆರೈಕೆ

• ಬಿಸಿ ಕಾವಲಿಗೆ ತಣ್ಣೀರು ಸುರಿಯಬೇಡಿ. ಬೀಡು ಸೀಳಬಹುದು.
• ಬಿಸಿನೀರು, ತೆಂಗಿನ ನಾರಿನಿಂದ ತೊಳೆಯಿರಿ. ಅಗತ್ಯವಿದ್ದರೆ ಸ್ವಲ್ಪ ಸೋಪು ಸಾಕು. ನೀರಿನಲ್ಲಿ ನೆನೆಹಾಕಬೇಡಿ.
• ತೊಳೆದ ಕೂಡಲೇ ಒರೆಸಿ, ಒಲೆಯ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿಡಿ. ಹಳೆಯ ಎಣ್ಣೆ ಕಮಟು ವಾಸನೆ ಬಂದರೆ ತೊಳೆದು ಹೊಸದಾಗಿ ಸವರಿ.
• ಅಡುಗೆಯಾದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಹುಣಸೆ ಹುಳಿಯ ಸಾರು ರಾತ್ರಿಯಿಡೀ ಅದರಲ್ಲೇ ಉಳಿದರೆ ಕಪ್ಪಾಗಿ ಲೋಹದ ರುಚಿ ಬರುತ್ತದೆ.
• ತುಕ್ಕು ಹಿಡಿದರೆ ಎಸೆಯಬೇಕಿಲ್ಲ. ಉಪ್ಪು ಹಾಕಿ ಚೆನ್ನಾಗಿ ಉಜ್ಜಿ, ತೊಳೆದು ಒಣಗಿಸಿ, ಮತ್ತೆ ಪಳಗಿಸಿ. ತುಕ್ಕಿನಿಂದ ಕಬ್ಬಿಣಾಂಶ ಸಿಗುತ್ತದೆಂದು ಹಾಗೆಯೇ ಅಡುಗೆ ಮಾಡಬೇಡಿ.

ಎಚ್ಚರಿಕೆ

ಥಲಸೇಮಿಯಾ ಇರುವವರಿಗೆ, ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆಯವರಿಗೆ ಹೆಚ್ಚುವರಿ ಕಬ್ಬಿಣ ಹಾನಿಕರ. ಅಂಥವರ ಅಡುಗೆಗೆ ಸ್ಟೀಲ್ ಪಾತ್ರೆ ಒಳ್ಳೆಯದು.

ಕಾವಲಿ ಆಹಾರಕ್ಕೆ ನೆರವು, ಔಷಧಿಯಲ್ಲ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಆಗ ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ. ಮುಟ್ಟಿನಲ್ಲಿ ಅತಿಸ್ರಾವ, ಮೂಲವ್ಯಾಧಿ, ಹೊಟ್ಟೆಹುಳುಗಳಿಂದ ರಕ್ತ ಹೋಗುತ್ತಿದ್ದರೆ ಯಾವ ಬಾಣಲೆಯೂ ಅದನ್ನು ತುಂಬಿಕೊಡದು. ಹಕೀಮರ ಸಲಹೆಯಿಲ್ಲದೆ ಕುಶ್ತಾ ಫೌಲಾದ್ ಸೇವಿಸಲೇಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ತಾಯಂದಿರಿಗೂ ಆ ಬಾಣಲೆಯ ಪಲ್ಯದಲ್ಲಿ ಪಾಲಿರಲಿ.