ಬೆಕ್ಕಿನ ಆರೈಕೆಗೆ ತಕ್ಕವರನ್ನು ಆರಿಸುವ ಕ್ರಮ

ಕಣಜದ ಧಾನ್ಯವನ್ನು ಇಲಿಗಳಿಂದ ಕಾಯುವ ಬೆಕ್ಕಿಗೆ ರೋಗ ಬಂದಾಗ ಕೈಗೆ ಸಿಕ್ಕಿದ ಔಷಧವನ್ನು ಕೊಡುವ ರೂಢಿಯುಂಟು. ಇದು ಬಹು ಅಪಾಯಕರವು. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯೂ, ನಾಯಿಯ ಉಣುಗುಗಳಿಗೆ ಹಚ್ಚುವ ಪರ್ಮೆತ್ರಿನ್ ಔಷಧವೂ ಬೆಕ್ಕಿನ ಪಾಲಿಗೆ ವಿಷಗಳು. ಇವುಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿಯು ಅದರ ಯಕೃತ್ತಿಗೆ ಸಾಲದು. ಆದುದರಿಂದ ನಾಯಿಗೆ ಹಿತವಾದುದು ಬೆಕ್ಕಿಗೂ ಹಿತವೆನ್ನುವವರ ಕೈಗೆ ಬೆಕ್ಕನ್ನು ಒಪ್ಪಿಸಲಾಗದು.

ಚಿಕಿತ್ಸಕರು 1984ನೆಯ ಇಸವಿಯ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯಂತೆ ನೋಂದಾಯಿತರಾದವರೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಉತ್ತಮ ವೈದ್ಯರು ಬೆಕ್ಕನ್ನು ತೂಗಿ ಔಷಧದ ಪ್ರಮಾಣವನ್ನು ಗೊತ್ತುಮಾಡುವರು. ಅದರ ಹೆಸರನ್ನು ಬರೆದುಕೊಡುವರು. ಮರಿಗೆ 3 ತಿಂಗಳು ತುಂಬಿದಾಗ ಹುಚ್ಚುರೋಗದ ಲಸಿಕೆಯನ್ನು ಹಾಕಿಸಿ, ಮುಂದಿನ ಗಡುವುಗಳನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು.

ಪರಸ್ಥಳಕ್ಕೆ ಹೋಗುವವರು ಬೆಕ್ಕನ್ನು ಬಿಡುವ ಸ್ಥಳವನ್ನು ಮುಂಚಿತವಾಗಿ ಕಣ್ಣಾರೆ ನೋಡತಕ್ಕದ್ದು. ಈ ಲಸಿಕೆಯ ಚೀಟಿಯನ್ನು ಕೇಳದೆಯೇ ಬೆಕ್ಕುಗಳನ್ನು ಸೇರಿಸಿಕೊಳ್ಳುವ ಸ್ಥಳವು ನಂಬಿಕೆಗೆ ಅರ್ಹವಲ್ಲ.

ಗಂಡು ಬೆಕ್ಕು ತಿಣುಕಿದರೂ ಮೂತ್ರ ಬಾರದಿದ್ದರೆ ಮರುದಿನದವರೆಗೆ ಕಾಯಕೂಡದು. ಒಂದೆರಡು ದಿನಗಳಲ್ಲಿಯೇ ಅದು ಸಾಯಬಹುದು. ಆಗ ವೈದ್ಯರನ್ನು ಹುಡುಕುವುದಕ್ಕೆ ಸಮಯವಿರದು. ಬೆಕ್ಕು ಆರೋಗ್ಯದಿಂದಿರುವಾಗಲೇ ತಕ್ಕವರನ್ನು ಗೊತ್ತುಮಾಡಿಕೊಂಡಿರುವುದು ಲೇಸು.